ಜೇಬಿನೊಳಗಣ ಸಂಗೀತ
ಸಂಗೀತವನ್ನು ಜೇಬಿನಲ್ಲಿಟ್ಟು ನಡೆಯುವ ಬಯಕೆಯನ್ನು 1979ರಲ್ಲಿ ಜಪಾನಿನ ಸೋನಿ ಸಂಸ್ಥೆಯ ವಾಕ್‌ಮನ್ ಕ್ಯಾಸೆಟ್ಟಿನ ಮೂಲಕ ಈಡೇರಿಸಿತು. 1998ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರಿಯೋ ಯಂತ್ರದಲ್ಲಿ ಸುರುಳಿಯೇ ಇರಲಿಲ್ಲ. ಹಾಡುಗಳು ಅಂಕಿಗಳಾಗಿ ಅಡಗಿದ್ದುವು. ಅದರ ಸಂಗ್ರಹ 32 ಮೆಗಾಬೈಟ್. ಎಂಪಿ3 ರೂಪದಲ್ಲಿ ನಿಮಿಷಕ್ಕೆ ಸುಮಾರು 1 ಮೆಗಾಬೈಟಿನಂತೆ ಅರ್ಧ ಗಂಟೆಯ ಸಂಗೀತಕ್ಕಷ್ಟೇ ಎಡೆ. ಇನ್ನೂ ಕುಗ್ಗಿಸಿ ಹೆಚ್ಚು ತುಂಬಿದರೆ ನಾದ ಸೊರಗುವುದು. ತಂಬೂರಿಯ ಝೇಂಕಾರದ ಸೂಕ್ಷ್ಮ ಎಳೆಗಳು ಮಾಯವಾಗುವುವು. ಆಯುವವರ ಮುಂದಿದ್ದ ಪ್ರಶ್ನೆ ಇದೇ: ಸಂಖ್ಯೆಯೋ, ಸೊಗಸೋ?

2001ರಲ್ಲಿ ಆಪಲ್ ಸಂಸ್ಥೆಯ ಐಪಾಡ್ 5 ಗಿಗಾಬೈಟಿನಲ್ಲಿ ಸಾವಿರ ಹಾಡುಗಳನ್ನು ಹಿಡಿಸಿ ಈ ಇಕ್ಕಟ್ಟನ್ನು ಸಡಿಲಿಸಿತು. 2022ರಲ್ಲಿ ಅದರ ತಯಾರಿಕೆ ನಿಂತಿತು. ಫೋನೇ ಆ ಸ್ಥಾನಕ್ಕೆ ಬಂದಿದೆ. ಆದರೂ ಪ್ರಶ್ನೆ ಹಳೆಯದೇ. ಎಷ್ಟು ಹಾಡು ಹಿಡಿಯುವುದೆಂದು ಕೇಳುವ ಮೊದಲು, ಒಂದು ಆಲಾಪನೆ ಪೂರ್ಣವಾಗಿ ಕೇಳಿಸುವುದೇ ಎಂದು ಕಿವಿಗೊಟ್ಟು ನೋಡುವುದು ಲೇಸು.