ಕಿರ್ದಿ ಪುಸ್ತಕಕ್ಕೆ ಬಿದ್ದ ಕೀಲಿ

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಅಡತಿ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಲೆಕ್ಕವೆಂದರೆ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಮತ್ತು ಖತಾವಣಿ. ದೀಪಾವಳಿಗೆ ಹೊಸ ಪುಸ್ತಕ ತಂದು, ಕುಂಕುಮ ಹಚ್ಚಿ, ಪೂಜೆ ಮಾಡಿ ಮೊದಲ ಪುಟ ಬರೆದರಾಯಿತು. ಆ ಪುಸ್ತಕವನ್ನು ಯಾವ ಮೇಜಿನ ಮೇಲಿಟ್ಟು ಬರೆಯಬೇಕು, ಎಷ್ಟು ಮಂದಿ ಗುಮಾಸ್ತರು ಮುಟ್ಟಬೇಕು ಎಂದು ಮಾರಿದ ಅಂಗಡಿಯವನು ಕೇಳುತ್ತಿರಲಿಲ್ಲ.

ಇಂದು ಅದೇ ಮೇಜಿನ ಮೇಲೆ ಗಣಕಯಂತ್ರವಿದೆ. ಯಂತ್ರ ಕೆಟ್ಟು ಹೊಸದನ್ನು ತಂದರೆ, ಹಳೆಯ ಲೆಕ್ಕವನ್ನೆಲ್ಲ ಅದಕ್ಕೆ ತುಂಬಿದರೂ ತಂತ್ರಾಂಶ ಮಾತ್ರ ಹಟ ಹಿಡಿಯುತ್ತದೆ. ಪರದೆಯ ಮೇಲೆ ಒಂದು ಖಾಲಿ ಚೌಕ ಮೂಡಿ ಸಂಖ್ಯೆ ಕೇಳುತ್ತದೆ. ಹಣ ಕೊಟ್ಟು ತಂದ ಸರಕಿಗೆ ಮತ್ತೆ ಯಾರ ಅಪ್ಪಣೆ ಬೇಕು? ಈ ಪ್ರಶ್ನೆ ಗಿರಣಿಯ ಮಾಲೀಕರದ್ದಷ್ಟೇ ಅಲ್ಲ. ದೇಶದ ಸುಪ್ರೀಂ ಕೋರ್ಟ್ ಎರಡು ಬಾರಿ ಇದರ ಸುತ್ತ ತಲೆ ಕೆಡಿಸಿಕೊಂಡಿದೆ.

ಮೂಲ ಸಂಗತಿ ಸರಳ. ಅಂಗಡಿಯಲ್ಲಿ ಕೊಳ್ಳುವ ಪೆಟ್ಟಿಗೆಯೊಳಗೆ ಎರಡು ವಸ್ತುಗಳಿರುತ್ತವೆ: ತಂತ್ರಾಂಶ ತುಂಬಿದ ತಟ್ಟೆ, ಅದನ್ನು ಬಳಸಲು ಅನುಮತಿ. ತಟ್ಟೆಯ ನಕಲು ಮಾಡಲು ಕೆಲವೇ ರೂಪಾಯಿ ಸಾಕು, ಬೆಲೆಯೆಲ್ಲ ಅನುಮತಿಯದು. 1976ರ ಫೆಬ್ರುವರಿಯಲ್ಲಿ ಇಪ್ಪತ್ತರ ಹರೆಯದ ಬಿಲ್ ಗೇಟ್ಸ್ ಗಣಕ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ನಮ್ಮ ‘ಬೇಸಿಕ್’ ತಂತ್ರಾಂಶವನ್ನು ಕೊಂಡವರಿಗಿಂತ ಕದ್ದವರೇ ಹೆಚ್ಚು ಎಂದು ದೂರಿದ್ದು ಇದೇ ಕಾರಣಕ್ಕೆ. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ಬಂದು, ತಂತ್ರಾಂಶವೂ ಕತೆ, ಕಾದಂಬರಿಗಳ ಹಾಗೆ ಒಂದು ಸಾಹಿತ್ಯ ಕೃತಿ ಎನಿಸಿಕೊಂಡಿತು. 1994ರ ತಿದ್ದುಪಡಿ ಇನ್ನೂ ಬಿಗಿಯಾದದ್ದು. ಅಕ್ರಮ ನಕಲು ಎಂದು ತಿಳಿದೂ ತಂತ್ರಾಂಶ ಬಳಸಿದವರಿಗೆ ಕನಿಷ್ಠ 7 ದಿನಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆದರೆ ನ್ಯಾಯವಾಗಿ ಕೊಂಡವರು ತಟ್ಟೆ ಹಾಳಾದರೆ ಇರಲೆಂದು ಒಂದು ಕಾಪು ನಕಲು ಇಟ್ಟುಕೊಳ್ಳಲು ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ಬಹಳ ಕಚೇರಿಗಳಿಗೆ ಈ ಎರಡನೆಯ ಮಾತು ಗೊತ್ತೇ ಇಲ್ಲ.

ಕಾಯ್ದೆಯೊಂದರಿಂದಲೇ ನಕಲು ನಿಲ್ಲದೆಂದು ಕಂಡ ಕಂಪನಿಗಳು ಸಂಖ್ಯೆಯ ಕೀಲಿ ಹಾಕಿದವು. ಆರಂಭದ ಕೀಲಿಗಳು ಹಳ್ಳಿಯ ತಟ್ಟಿ ಬಾಗಿಲಿನಷ್ಟೇ ಗಟ್ಟಿ. ‘ವಿಂಡೋಸ್ 95’ಕ್ಕೆ ಹತ್ತು ಅಂಕಿಯ ಸಂಖ್ಯೆ ಬೇಕಿತ್ತು; ಕೊನೆಯ ಏಳು ಅಂಕಿಗಳನ್ನು ಕೂಡಿದರೆ ಮೊತ್ತ ಏಳರಿಂದ ಭಾಗವಾದರೆ ಯಂತ್ರ ಒಪ್ಪಿಕೊಂಡುಬಿಡುತ್ತಿತ್ತು. ಏಳು ಒಂದುಗಳನ್ನು ಸಾಲಾಗಿ ಹೊಡೆದರೂ ಬಾಗಿಲು ತೆರೆಯುವಂಥ ಲೆಕ್ಕ! ಮುಂದೆ ಬಂದದ್ದು ಐದೈದರ ಐದು ಗುಂಪಿನ 25 ಅಕ್ಷರಗಳ ಕೀಲಿ. ‘ವಿಂಡೋಸ್ ಎಕ್ಸ್‌ಪಿ’ ಕಾಲದ ಈ ಕೀಲಿಯಲ್ಲಿ ಇಂಗ್ಲಿಷಿನ ಸ್ವರಗಳಿಲ್ಲ. ಸೊನ್ನೆ, ಒಂದು, ಐದು ಎಂಬ ಅಂಕಿಗಳೂ ಇಲ್ಲ. ಸೊನ್ನೆಯನ್ನು ‘ಓ’ ಎಂದೂ ಐದನ್ನು ‘ಎಸ್’ ಎಂದೂ ಓದುವ ಪ್ರಮಾದವಾಗದಿರಲೆಂದು ಗೊಂದಲದ ಗುರುತುಗಳನ್ನು ಕೈಬಿಟ್ಟು 24ನ್ನು ಮಾತ್ರ ಉಳಿಸಿಕೊಂಡಿದ್ದರು.

ಆದರೂ ಒಂದೇ ಕೀಲಿಯನ್ನು ಊರೆಲ್ಲ ಹಂಚಿಕೊಳ್ಳುವುದು ನಿಲ್ಲಲಿಲ್ಲ. ಆಗ ಬಂದದ್ದೇ ‘ಆಕ್ಟಿವೇಷನ್’, ಅಂದರೆ ಕೀಲಿಗೂ ಯಂತ್ರಕ್ಕೂ ಗಂಟು ಹಾಕುವ ಶಾಸ್ತ್ರ. ಮೈಕ್ರೋಸಾಫ್ಟ್ ಇದನ್ನು ‘ಆಫೀಸ್ 2000’ದಲ್ಲಿ ಕೆಲವು ದೇಶಗಳಲ್ಲಿ ಪರೀಕ್ಷಿಸಿ, 2001ರಲ್ಲಿ ‘ಆಫೀಸ್ ಎಕ್ಸ್‌ಪಿ’ ಮತ್ತು ‘ವಿಂಡೋಸ್ ಎಕ್ಸ್‌ಪಿ’ಗಳ ಮೂಲಕ ವ್ಯಾಪಕವಾಗಿ ತಂದಿತು. ಆಫೀಸ್ ಎಕ್ಸ್‌ಪಿಯನ್ನು 50 ಬಾರಿ ತೆರೆಯುವವರೆಗೆ ತೊಂದರೆಯಿಲ್ಲ. ಅಷ್ಟರೊಳಗೆ ಶಾಸ್ತ್ರ ಮುಗಿಸದಿದ್ದರೆ ಹಳೆಯ ಕಡತ ಓದಬಹುದು, ಹೊಸದನ್ನು ಬರೆಯಲಾಗದು.

ಇದು ನಡೆಯುವ ಬಗೆ ಕುತೂಹಲಕರ. ವಿಂಡೋಸ್ ಎಕ್ಸ್‌ಪಿ ತಂತ್ರಾಂಶವು ಯಂತ್ರದ ಹತ್ತು ಭಾಗಗಳನ್ನು ನೋಡಿಕೊಳ್ಳುತ್ತದೆ: ಸಂಸ್ಕಾರಕ, ಸ್ಮರಣೆಯ ಪ್ರಮಾಣ, ಹಾರ್ಡ್ ಡಿಸ್ಕ್, ಜಾಲದ ಕಾರ್ಡ್, ಪರದೆಯ ಕಾರ್ಡ್ ಮುಂತಾದವು. ಪ್ರತಿಯೊಂದರ ಪೂರ್ಣ ವಿವರವನ್ನು ಒಯ್ಯದೆ ಅದರಿಂದ ಒಂದು ಪುಟ್ಟ ಸಾರಸಂಖ್ಯೆ ತೆಗೆದು, ಅದಕ್ಕೆ ಕೀಲಿಯಿಂದ ಹುಟ್ಟಿದ ಸಂಖ್ಯೆಯನ್ನು ಸೇರಿಸಿ 50 ಅಂಕಿಗಳ ಒಂದು ಗುರುತು ಕಟ್ಟುತ್ತದೆ. ಇಂಟರ್‌ನೆಟ್ ಇಲ್ಲದವರು ಕಂಪನಿಗೆ ಫೋನ್ ಮಾಡಿ ಈ 50 ಅಂಕಿಗಳನ್ನು ಓದಿ ಹೇಳಬೇಕಿತ್ತು. ಆ ಕಡೆಯಿಂದ ಉತ್ತರವಾಗಿ 42 ಅಂಕಿಗಳು ಬರುತ್ತಿದ್ದವು. ಅವನ್ನು ತಪ್ಪದೆ ತುಂಬಿದರೆ ಯಂತ್ರಕ್ಕೆ ಅಪ್ಪಣೆ ಸಿಕ್ಕಂತೆ. ಒಂದೆರಡು ಭಾಗ ಬದಲಿಸಿದರೆ ತಂತ್ರಾಂಶ ಸಹಿಸಿಕೊಳ್ಳುತ್ತದೆ. ಹಲವು ಬದಲಾದರೆ ಇದು ಬೇರೆ ಯಂತ್ರವೆಂದು ತಿಳಿದು ಮತ್ತೆ ಅಪ್ಪಣೆ ಕೇಳುತ್ತದೆ.

ಫೋನಿನಲ್ಲಿ 50 ಅಂಕಿ ಓದುವಾಗ ತಪ್ಪಾಗದೆ ಇದ್ದೀತೆ? ಅದಕ್ಕೂ ಉಪಾಯವಿತ್ತು. ಸಂಖ್ಯೆಯನ್ನು ಆರಾರು ಅಂಕಿಗಳ ಗುಂಪು ಮಾಡಿ, ಗುಂಪಿನ ಕೊನೆಯ ಅಂಕಿಯನ್ನು ಕಾವಲಿಗೆ ನಿಲ್ಲಿಸಿದ್ದರು. 415234 ಎಂಬ ಗುಂಪನ್ನು ನೋಡಿ. ಮೊದಲ ಐದು ಅಂಕಿಗಳಲ್ಲಿ ಎರಡನೆಯದನ್ನೂ ನಾಲ್ಕನೆಯದನ್ನೂ ಇಮ್ಮಡಿ ಮಾಡಿ ಕೂಡಿದರೆ 4, 2, 5, 4, 3 ಸೇರಿ 18. ಏಳರಿಂದ ಭಾಗಿಸಿದರೆ ಶೇಷ 4. ಅದೇ ಕೊನೆಯ ಅಂಕಿ. ಗುಮಾಸ್ತ ಅವಸರದಲ್ಲಿ ಮೊದಲೆರಡು ಅಂಕಿ ಅದಲುಬದಲು ಮಾಡಿ 145234 ಎಂದರೆ ಮೊತ್ತ 21, ಶೇಷ ಸೊನ್ನೆ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ನೂರಾರು ಯಂತ್ರಗಳ ದೊಡ್ಡ ಕಚೇರಿಗಳಿಗೆ ಈ ಫೋನ್ ಶಾಸ್ತ್ರ ಆಗದ ಮಾತು. ಅವರಿಗೆ ಬೇರೆ ಏರ್ಪಾಡಿದೆ. ಕಚೇರಿಯದೇ ಒಂದು ಯಂತ್ರ ಉಳಿದವಕ್ಕೆ ಅಪ್ಪಣೆ ಕೊಡುತ್ತದೆ. ಅದು 180 ದಿನಗಳಿಗೆ ಮಾತ್ರ, ಮತ್ತೆ ಮತ್ತೆ ನವೀಕರಣವಾಗುತ್ತಿರಬೇಕು.

ಇನ್ನು ನಮ್ಮ ಗಿರಣಿಗಳ ಲೆಕ್ಕದ ಕಡೆಗೆ. ವ್ಯಾಪಾರಿಗಳ ಬಾಯಲ್ಲಿ ಗಣಕದ ಲೆಕ್ಕಕ್ಕೇ ಹೆಸರಾಗಿಬಿಟ್ಟಿರುವ ‘ಟ್ಯಾಲಿ’ ಬೆಂಗಳೂರಿನದು. ಗಿರಣಿಗಳಿಗೆ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮದೇ ವ್ಯವಹಾರಕ್ಕೆ ತಕ್ಕ ಲೆಕ್ಕದ ತಂತ್ರಾಂಶ ಸಿಗದೆ, ಗಣಿತ ಓದಿದ್ದ ಮಗ ಭರತ್‌ಗೆ ಬರೆದುಕೊಡು ಎಂದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಕಂಪನಿ ಶುರುವಾಯಿತು. 2005ರ ಏಪ್ರಿಲ್‌ನಲ್ಲಿ ರಾಜ್ಯಕ್ಕೆ ವ್ಯಾಟ್, 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲಂತೂ ಗಣಕದ ಲೆಕ್ಕ ಬೇಡವೆನ್ನುವ ಸ್ಥಿತಿ ವ್ಯಾಪಾರಿಗಳಿಗೆ ಉಳಿಯಲಿಲ್ಲ. ಇದರಲ್ಲೂ ಅನುಮತಿಗೆ ದರ್ಜೆಗಳಿವೆ: ‘ಸಿಲ್ವರ್’ ಒಂದು ಯಂತ್ರಕ್ಕೆ, ‘ಗೋಲ್ಡ್’ ಒಂದೇ ಜಾಲದ ಹಲವು ಯಂತ್ರಗಳಿಗೆ. 2009ರ ‘ಇಆರ್‌ಪಿ 9’ರಲ್ಲಿ ಕ್ರಮಸಂಖ್ಯೆಯನ್ನೂ ಆಕ್ಟಿವೇಷನ್ ಕೀಲಿಯನ್ನೂ ತುಂಬಿದರೆ, ಬೀಗ ತೆರೆಯುವ ಮತ್ತೊಂದು ಕೀಲಿ ಮಾಲೀಕರ ಇ-ಮೇಲ್‌ಗೆ ಬರುತ್ತಿತ್ತು. ಯಂತ್ರ ಬದಲಿಸುವ ಮೊದಲು ಹಳೆಯದರಲ್ಲಿ ಲೈಸೆನ್ಸನ್ನು ‘ಸರೆಂಡರ್’ ಮಾಡಬೇಕು. ಈ ಶಬ್ದಕ್ಕೆ ಗಿರಣಿಯವರು ನಕ್ಕರೆ ತಪ್ಪೇನಿಲ್ಲ. ಆದರೆ ಮರೆತು ಯಂತ್ರವನ್ನು ಗುಜರಿಗೆ ಹಾಕಿದವರಿಗೆ ನಗು ಬರುವುದಿಲ್ಲ.

ಹಾಗಾದರೆ ಕೊಂಡದ್ದು ಸರಕೋ, ಅಪ್ಪಣೆಯೋ? 2004ರ ನವೆಂಬರಿನಲ್ಲಿ ಟಾಟಾ ಕನ್ಸಲ್ಟೆನ್ಸಿ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಪ್ರಕರಣದಲ್ಲಿ, ತಟ್ಟೆಯಲ್ಲಿ ತುಂಬಿ ಮಾರುವ ಸಿದ್ಧ ತಂತ್ರಾಂಶ ಸರಕೇ ಸರಿ, ಮಾರಾಟ ತೆರಿಗೆ ಕಟ್ಟಬೇಕು ಎಂದಿತು ಸುಪ್ರೀಂ ಕೋರ್ಟ್. ಆದರೆ 2011ರಲ್ಲಿ ಕರ್ನಾಟಕ ಹೈಕೋರ್ಟ್, ವಿದೇಶಿ ತಂತ್ರಾಂಶಕ್ಕೆ ಕೊಡುವ ಹಣ ಕೃತಿಸ್ವಾಮ್ಯದ ಗೌರವಧನ, ಆದ್ದರಿಂದ ಕಳಿಸುವ ಮೊದಲೇ ಆದಾಯ ತೆರಿಗೆ ಮುರಿದುಕೊಳ್ಳಬೇಕು ಎಂದಿತು. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಕಂಪನಿಯ ಮೇಲ್ಮನವಿ ಸೇರಿ ಹಲವು ಪ್ರಕರಣಗಳನ್ನು ಕೂಡಿಸಿ ಆಲಿಸಿದ ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಇದನ್ನು ತಿರುಗಿಸಿತು. ಕೊಂಡವರಿಗೆ ದೊರೆಯುವುದು ಕೃತಿಯ ಒಂದು ಪ್ರತಿ. ಕೃತಿಸ್ವಾಮ್ಯದ ಯಾವ ಹಕ್ಕೂ ಅವರಿಗೆ ಬರುವುದಿಲ್ಲ, ಆದ್ದರಿಂದ ಕೊಟ್ಟದ್ದು ಗೌರವಧನವಲ್ಲ ಎಂದಿತು. ಕಂಪನಿಗಳಿಗೆ ತೆರಿಗೆ ತಪ್ಪಿತು. ಯಂತ್ರದ ಮುಂದೆ ಕುಳಿತ ಗುಮಾಸ್ತನಿಗೆ ಖಾಲಿ ಚೌಕ ಮಾತ್ರ ತಪ್ಪಲಿಲ್ಲ.

ಕನ್ನಡಿಗರಿಗೆ ಇದರಲ್ಲಿ ಬೇರೆಯದೇ ಒಂದು ನೋವಿದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಈ ನಾಲ್ಕು ತಾಲ್ಲೂಕುಗಳ ಕೊಪ್ಪಳ ಜಿಲ್ಲೆ ಹುಟ್ಟಿದಾಗ ಗಣಕದಲ್ಲಿ ಕನ್ನಡ ಬರೆಯುವುದೇ ದುಬಾರಿ ಬಾಬತ್ತು. ಪುಣೆಯ ‘ಶ್ರೀಲಿಪಿ’ಯಂಥ ತಂತ್ರಾಂಶಗಳು ‘ಡಾಂಗಲ್’ ಎಂಬ ಬೀಗದೊಡನೆ ಬರುತ್ತಿದ್ದವು. ಬೆರಳುದ್ದದ ಈ ಬೀಗವನ್ನು ಯಂತ್ರದ ಹಿಂದೆ ಪ್ರಿಂಟರ್ ಜೋಡಿಸುವ 25 ಸೂಜಿಗಳ ಕಿಂಡಿಗೆ ಸಿಕ್ಕಿಸಬೇಕು. ಕಿತ್ತರೆ ಕನ್ನಡ ನಿಂತಿತು. ಕಳೆದರಂತೂ ಮುಗಿಯಿತು. ಲಗ್ನಪತ್ರಿಕೆ ಅಚ್ಚು ಹಾಕುವವರು ಬೀಗಕ್ಕೇ ಬೀಗ ಹಾಕಿಟ್ಟುಕೊಳ್ಳಬೇಕಾದ ಕಾಲವದು. ಹಳೆಯ ಕನ್ನಡ ಬೆರಳಚ್ಚು ಯಂತ್ರಕ್ಕೆ ಈ ಕಾಟವಿರಲಿಲ್ಲ. ಕೊಂಡವನು ಅದನ್ನು ಹೊತ್ತುಕೊಂಡು ಹೋಗಿ ಯಾವ ಮೇಜಿನ ಮೇಲಾದರೂ ಇಡಬಹುದಿತ್ತು, ಬೇಡವಾದರೆ ಮಾರಬಹುದಿತ್ತು.

ಈ ಬೀಗವನ್ನು ಸಡಿಲಿಸಿದವರಲ್ಲಿ ಮೊದಲಿಗರು ಕೆ.ಪಿ. ರಾವ್. ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಸಣ್ಣ ಮಾರ್ಪಾಡುಗಳೊಂದಿಗೆ ಸರ್ಕಾರದ ಮಾನ್ಯತೆ ಪಡೆಯಿತು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ‘ಬರಹ’ವನ್ನು ಉಚಿತವಾಗಿ ಕೊಟ್ಟರು. ಅದರ ಮುಂದಿನ ಆವೃತ್ತಿಗಳಿಗೆ ಬೆಲೆಯೂ ಕೀಲಿಯೂ ಬಂದವು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ಬೆಂಬಲದಿಂದ ಉಚಿತವಾಗಿ ಕಚೇರಿಗಳಿಗೆ ಹಬ್ಬಿತು.

ಅಷ್ಟಾದರೂ ಹಳೆಯ ಕಡತಗಳ ಸಮಸ್ಯೆ ಉಳಿದೇ ಇದೆ. ಒಂದೊಂದು ಕಂಪನಿಯೂ ಕನ್ನಡದ ಅಕ್ಷರಗಳಿಗೆ ತನ್ನದೇ ಸಂಖ್ಯೆ ಕೊಟ್ಟಿದ್ದರಿಂದ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. 1991ರಲ್ಲೇ ಯೂನಿಕೋಡ್ ಕನ್ನಡಕ್ಕೆ ಜಗತ್ತಿಗೆಲ್ಲ ಒಂದೇ ಸಂಖ್ಯಾಕ್ರಮ ಕೊಟ್ಟಿತ್ತಾದರೂ ಕಚೇರಿಗಳಿಗೆ ಅದು ಇಳಿದುಬರಲು ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ಹೊಸ ಗಣಕಯಂತ್ರಗಳಿಂದ 25 ಸೂಜಿಗಳ ಆ ಕಿಂಡಿಯೇ ಮಾಯವಾಗಿತ್ತು. ಬೀಗ ಮೇಜಿನ ಖಾನೆಯಲ್ಲಿದ್ದರೂ ಸಿಕ್ಕಿಸಲು ಜಾಗವಿಲ್ಲ. ಆ ದಿನಗಳಲ್ಲಿ ಬರೆದ ಕನ್ನಡವನ್ನು ಇಂದು ಓದಬೇಕೆಂದರೆ, ಮೊದಲು ಅದು ಯಾವ ಕಂಪನಿಯ ಅಕ್ಷರವೆಂದು ಪತ್ತೆ ಹಚ್ಚಿ, ಪರಿವರ್ತಕ ತಂತ್ರಾಂಶದಲ್ಲಿ ಹಾಯಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ಕೈಯಿಂದ ತಿದ್ದಬೇಕು.