ಕೇಳುವವರು ಒಬ್ಬರು, ತೆರುವವರು ಇನ್ನೊಬ್ಬರು: ಕಾಲರ್ ಟ್ಯೂನ್ ಉದ್ಯಮದ ಏರಿಳಿತ

ಕಾಲರ್ ಟ್ಯೂನ್ ಹಾಕಿಸಿಕೊಂಡವರು ಅದನ್ನು ತಾವು ಕೇಳುವುದಿಲ್ಲ. ಕೇಳುವವರು ಅವರಿಗೆ ಕರೆ ಮಾಡಿದವರು. ತಿಂಗಳ ಬಾಡಿಗೆ ನಿಲ್ಲಿಸಿದರೆ ಹಾಡೂ ಮಾಯವಾಗುತ್ತದೆ; ಕ್ಯಾಸೆಟ್‌ನಂತೆ ಮನೆಯಲ್ಲಿ ಉಳಿಯುವ ವಸ್ತು ಇದಲ್ಲ. ಇಂಥ ವಿಚಿತ್ರ ಸರಕನ್ನು ನಂಬಿಕೊಂಡು 2000ದ ದಶಕದಲ್ಲಿ ಭಾರತದಲ್ಲಿ ದೊಡ್ಡದೊಂದು ಉದ್ಯಮವೇ ತಲೆಯೆತ್ತಿತು. ಅದರ ಮುಂಚೂಣಿಯಲ್ಲಿ ನಿಂತದ್ದು ಬೆಂಗಳೂರಿನ ಆನ್‌ಮೊಬೈಲ್ ಕಂಪನಿ.

ಮೊಬೈಲ್ ಸಂಗೀತದ ವ್ಯಾಪಾರ ಮೊದಲು ಆರಂಭವಾದದ್ದು ರಿಂಗ್‌ಟೋನ್‌ನಿಂದ. 1998ರಲ್ಲಿ ಫಿನ್ಲೆಂಡಿನ ರೇಡಿಯೊಲಿನ್ಯಾ ಕಂಪನಿ ಎಸ್‌ಎಂಎಸ್ ಮೂಲಕ ರಿಂಗ್‌ಟೋನ್ ಮಾರಲು ತೊಡಗಿತು. ಅದಕ್ಕೆ ಬೇಕಾದ ತಂತ್ರಾಂಶವನ್ನು ರೂಪಿಸಿದ್ದು ಅದೇ ದೇಶದ ವೆಸಾ-ಮಟ್ಟಿ ಪಾನನೆನ್. ಒಂದು ಸಲಕ್ಕೆ ಒಂದೇ ಸ್ವರ ನುಡಿಸಬಲ್ಲ ಅಂದಿನ ಫೋನುಗಳಿಗೆ ‘ಟಿಣ್ ಟಿಣ್’ ಎನ್ನುವ ರಾಗವೇ ದೊಡ್ಡ ಸಂಭ್ರಮ. ಜಗತ್ತಿಗೆಲ್ಲ ಪರಿಚಿತವಾದ ನೋಕಿಯಾ ದನಿ ಸಹ ಸ್ಪೇನಿನ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರೆಗಾ 1902ರಲ್ಲಿ ರಚಿಸಿದ ಕೃತಿಯೊಂದರ ತುಣುಕು. ನೋಕಿಯಾ 3310 ಕೈಗೆ ಬಂದ ಮೇಲೆ ಕೀಲಿಗಳನ್ನು ಒತ್ತಿ ತಾವೇ ರಾಗ ಕೂರಿಸುವ ಹುಚ್ಚು ಕಾಲೇಜು ಹುಡುಗರಿಗೆ ಹಿಡಿಯಿತು.

ಆದರೆ ರಿಂಗ್‌ಟೋನ್‌ಗೆ ಹುಟ್ಟಿನಿಂದಲೇ ಒಂದು ದೌರ್ಬಲ್ಯವಿತ್ತು. ಅದು ಇರುವುದು ಗ್ರಾಹಕನ ಫೋನಿನೊಳಗೆ. ಬ್ಲೂಟೂತ್ ಮತ್ತು ಮೆಮೊರಿ ಕಾರ್ಡ್ ಬಂದ ಕೂಡಲೇ ಗೆಳೆಯನ ಫೋನಿನಿಂದ ಹಾಡು ನಕಲು ಮಾಡಿಕೊಳ್ಳುವುದು ಕ್ಷಣದ ಕೆಲಸವಾಯಿತು. ಬಸ್ ನಿಲ್ದಾಣದ ಬಳಿಯ ಮೊಬೈಲ್ ಅಂಗಡಿಯವರು ಕಾರ್ಡ್ ತುಂಬ ಹಾಡು ತುಂಬಿಸಿ ಕೊಡತೊಡಗಿದರು. ಒಂದು ಹಾಡಿಗೆ ಇಷ್ಟೆಂದು ದುಡ್ಡು ಕೊಟ್ಟು ಕೊಳ್ಳುವವರು ಕಡಿಮೆಯಾದರು.

ಕಾಲರ್ ಟ್ಯೂನ್ ಈ ಕಳವಿಗೆ ಸಿಗದ ಸರಕು. 2002ರಲ್ಲಿ ದಕ್ಷಿಣ ಕೊರಿಯಾದ ಎಸ್‌ಕೆ ಟೆಲಿಕಾಂ ಇದನ್ನು ‘ಕಲರಿಂಗ್’ ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿತು. ಇಲ್ಲಿ ಹಾಡು ಫೋನಿನಲ್ಲಿ ಇರುವುದೇ ಇಲ್ಲ, ಮೊಬೈಲ್ ಕಂಪನಿಯ ಯಂತ್ರದಲ್ಲಿರುತ್ತದೆ. ಕರೆ ಬಂದಾಗ ‘ಈ ಗ್ರಾಹಕರು ಟ್ಯೂನ್ ಹಾಕಿಸಿಕೊಂಡಿದ್ದಾರೆ’ ಎಂಬ ಗುರುತನ್ನು ನೋಡಿ, ಮಾಮೂಲಿನ ‘ಟ್ರಿಂಗ್ ಟ್ರಿಂಗ್’ ಬದಲಿಗೆ ಹಾಡಿನ ಸರ್ವರ್‌ಗೆ ಸಂಪರ್ಕ ಕೊಡಲಾಗುತ್ತದೆ. ಮಾತನ್ನು ಸಾಗಿಸಲೆಂದೇ ರೂಪುಗೊಂಡ ಕಿರಿದಾದ ಹಾದಿಯಲ್ಲಿ ಸಂಗೀತ ಬರಬೇಕಾದ್ದರಿಂದ ಹಾಡು ಗಂಟಲು ಕಟ್ಟಿದಂತೆ ಕೇಳುತ್ತಿತ್ತು. ಆದರೂ ಯಾರೂ ಗೊಣಗಲಿಲ್ಲ. ಹಾಕಿಸಿಕೊಂಡವರಿಗೆ ಅದು ಕೇಳಿಸಿದ್ದರೆ ತಾನೆ!

ಭಾರತದಲ್ಲಿ ಏರ್‌ಟೆಲ್ 2004ರಲ್ಲಿ ‘ಹಲೋ ಟ್ಯೂನ್ಸ್’ ಆರಂಭಿಸಿತು. ಉಳಿದ ಕಂಪನಿಗಳೂ ಬೆನ್ನಿಗೇ ಬಂದವು. ತಿಂಗಳಿಗೆ ಸುಮಾರು 30 ರೂಪಾಯಿ ಬಾಡಿಗೆ, ಹಾಡೊಂದಕ್ಕೆ 15 ರೂಪಾಯಿಯ ಆಸುಪಾಸು ದರ ಸಾಮಾನ್ಯವಾಯಿತು. 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ ಚಿತ್ರದ ಹಾಡುಗಳು ಮರುವರ್ಷ ಕರ್ನಾಟಕದಲ್ಲಿ ಯಾರಿಗೆ ಫೋನ್ ಮಾಡಿದರೂ ಕಿವಿಗೆ ಬೀಳುವಂತಾದವು.

ಆನ್‌ಮೊಬೈಲ್ ಹುಟ್ಟಿದ್ದು 2000ದಲ್ಲಿ, ಇನ್ಫೋಸಿಸ್ ಆಶ್ರಯದಲ್ಲಿ. ಅರವಿಂದ ರಾವ್ ಮತ್ತು ಮೌಳಿ ರಾಮನ್ ಸಹಸಂಸ್ಥಾಪಕರು. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುವ ಮಾದರಿಯ ಧ್ವನಿ ಸೇವೆಗಳು ಕಂಪನಿಯ ಬಲವಾಗಿದ್ದವು. ಹಾಡು, ಕ್ರಿಕೆಟ್ ಸ್ಕೋರು, ಜ್ಯೋತಿಷ್ಯ, ಜೋಕು ಎಲ್ಲವೂ ಧ್ವನಿಯ ಮೂಲಕವೇ ದೊರೆತುದರಿಂದ ಅಕ್ಷರ ಬಾರದವರೂ, ಇಂಗ್ಲಿಷ್ ತಿಳಿಯದವರೂ ಗ್ರಾಹಕರಾದರು. ಇಂಟರ್ನೆಟ್ ಇಲ್ಲದ ಅಗ್ಗದ ಫೋನುಗಳ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಹೈದರಾಬಾದಿನ ಐಎಂಐ ಮೊಬೈಲ್, ಮುಂಬಯಿಯ ಹಂಗಾಮಾ ಮುಂತಾದವೂ ಇದೇ ಪೇಟೆಯಲ್ಲಿದ್ದವು.

2008ರ ಜನವರಿಯಲ್ಲಿ ಆನ್‌ಮೊಬೈಲ್ ಷೇರುಗಳನ್ನು ಸಾರ್ವಜನಿಕರಿಗೆ ನೀಡಿತು. ಷೇರು ಪೇಟೆ ಕುಸಿಯುತ್ತಿದ್ದ ಹೊತ್ತು ಅದು. ಮುಂದಿನ ತಿಂಗಳು ಎಮಾರ್ ಎಂಜಿಎಫ್ ಮತ್ತು ವೊಕಾರ್ಡ್ ಹಾಸ್ಪಿಟಲ್ಸ್ ತಮ್ಮ ಷೇರು ನೀಡಿಕೆಯನ್ನೇ ಹಿಂದಕ್ಕೆ ಪಡೆದವು. ಅಂಥ ಕಾಲದಲ್ಲಿಯೂ ಆನ್‌ಮೊಬೈಲ್ 440 ರೂಪಾಯಿ ದರದಲ್ಲಿ ಷೇರು ಮಾರಿ ಫೆಬ್ರುವರಿಯಲ್ಲಿ ಪೇಟೆಗೆ ಬಂದಿತು. ಫ್ರಾನ್ಸಿನ ವಾಕ್ಸ್‌ಮೊಬಿಲಿ, ಟೆಲಿಸ್ಮಾ ಕಂಪನಿಗಳನ್ನು ಕೊಂಡಿತು. ಸ್ಪೇನಿನ ಟೆಲಿಫೋನಿಕಾ ಜೊತೆಗಿನ ಒಪ್ಪಂದದಿಂದ ಲ್ಯಾಟಿನ್ ಅಮೆರಿಕದ ಕರೆಗಳಿಗೂ ಬೆಂಗಳೂರಿನ ಯಂತ್ರಾಂಶ ಹಾಡು ಕೂರಿಸತೊಡಗಿತು.

ಈ ಏಳಿಗೆಯ ಗುಟ್ಟು ಸಂಗೀತಕ್ಕಿಂತ ಹೆಚ್ಚಾಗಿ ವಸೂಲಿಯಲ್ಲಿತ್ತು. ಭಾರತದ ಬಹುಪಾಲು ಗ್ರಾಹಕರದು ಪ್ರೀಪೇಯ್ಡ್ ಸಂಪರ್ಕ. ಕ್ರೆಡಿಟ್ ಕಾರ್ಡ್ ಬೇಡ, ಬ್ಯಾಂಕ್ ಬೇಡ; ಮೊದಲೇ ಹಾಕಿಸಿದ ‘ಕರೆನ್ಸಿ’ಯಿಂದ ದುಡ್ಡು ತಾನಾಗಿ ಕಡಿತವಾಗುತ್ತಿತ್ತು. ಹತ್ತು ಹದಿನೈದು ರೂಪಾಯಿಯ ಸರಕನ್ನು ಕೋಟಿಗಟ್ಟಲೆ ಜನರಿಗೆ ಮಾರಲು ಇದಕ್ಕಿಂತ ಸಲೀಸಾದ ವ್ಯವಸ್ಥೆ ಆಗ ದೇಶದಲ್ಲಿ ಇರಲಿಲ್ಲ. ಗಲ್ಲಾಪೆಟ್ಟಿಗೆಯ ಬೀಗದ ಕೈ ಮೊಬೈಲ್ ಕಂಪನಿಗಳ ಬಳಿ ಇದ್ದುದರಿಂದ ಆದಾಯದ ಸಿಂಹಪಾಲೂ ಅವುಗಳದೇ. ಉಳಿದುದನ್ನು ಆಡಿಯೊ ಕಂಪನಿಗಳೂ ಆನ್‌ಮೊಬೈಲ್‌ನಂಥ ಸಂಸ್ಥೆಗಳೂ ಹಂಚಿಕೊಳ್ಳಬೇಕಿತ್ತು.

ಸಲೀಸಾದ ವಸೂಲಿಯೇ ಮುಳುವೂ ಆಯಿತು. ಯಾವುದೋ ಕರೆ ಬಂದಾಗ ತಪ್ಪಿ ಒಂದು ಕೀಲಿ ಒತ್ತಿದರೂ ಸೇವೆ ಆರಂಭವಾಗುತ್ತಿತ್ತು. ಏನನ್ನೂ ಒತ್ತದವರ ಕರೆನ್ಸಿಯೂ ಕರಗುತ್ತಿದೆ ಎಂಬ ದೂರುಗಳು ದೇಶದ ಎಲ್ಲೆಡೆಯಿಂದ ಬಂದವು. ಕೂಲಿ ಕೆಲಸದವನಿಗೆ 30 ರೂಪಾಯಿ ಎಂದರೆ ಊರಿಗೆ ಮಾಡಬೇಕಾದ ಹಲವು ಕರೆಗಳು. ವಕೀಲರನ್ನು ಕಾಣುವಷ್ಟು ದೊಡ್ಡ ಮೊತ್ತವಲ್ಲ, ಸುಮ್ಮನಿರುವಷ್ಟು ಚಿಕ್ಕದೂ ಅಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2011ರ ಜುಲೈನಲ್ಲಿ ಗ್ರಾಹಕರ ಸ್ಪಷ್ಟ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. ದೂರುಗಳು ನಿಲ್ಲದಿದ್ದಾಗ 2013ರ ಜುಲೈನಲ್ಲಿ ಎರಡು ಬಾರಿ ಒಪ್ಪಿಗೆ ಪಡೆಯಬೇಕೆಂದೂ, ಸೇವೆ ರದ್ದುಪಡಿಸಲು 155223 ಎಂಬ ಉಚಿತ ಸಂಖ್ಯೆ ಇರಬೇಕೆಂದೂ ಆದೇಶಿಸಿತು. ನಿಜವಾಗಿ ಹಾಡು ಬೇಕಿದ್ದವರೆಷ್ಟು, ಅರಿವಿಲ್ಲದೆ ತೆರುತ್ತಿದ್ದವರೆಷ್ಟು ಎಂಬ ಪ್ರಶ್ನೆ ಆಗ ಉದ್ಯಮದ ಮುಂದೆ ಬಂದು ನಿಂತಿತು. ಆದಾಯ ಇಳಿಮುಖವಾಯಿತು.

ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಸಿಕ್ಕಿದ್ದೇನು? ಬಹಳ ಕಾಲ ಏನೂ ಇಲ್ಲ. ಹಕ್ಕುಗಳನ್ನೆಲ್ಲ ನಿರ್ಮಾಪಕರಿಗೋ ಆಡಿಯೊ ಕಂಪನಿಗೋ ಬರೆದುಕೊಡುವುದೇ ಚಿತ್ರರಂಗದ ರೂಢಿಯಾಗಿತ್ತು. ಗೀತರಚನಕಾರ ಜಾವೇದ್ ಅಖ್ತರ್ ಮುಂತಾದವರ ಹೋರಾಟದ ಫಲವಾಗಿ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಚಿತ್ರಮಂದಿರದ ಹೊರಗಿನ ಬಳಕೆಗೆ ಕವಿ ಮತ್ತು ಸಂಗೀತ ನಿರ್ದೇಶಕರಿಗೂ ರಾಯಧನದ ಹಕ್ಕು ದೊರೆಯಿತು. ಕಾಲರ್ ಟ್ಯೂನ್ ರಾಯಧನದ ಕುರಿತು ವೊಡಾಫೋನ್ ಮತ್ತು ಗೀತರಚನಕಾರರ ಸಂಘಟನೆಯಾದ ಐಪಿಆರ್‌ಎಸ್ ನಡುವಿನ ವ್ಯಾಜ್ಯದಲ್ಲಿ ಕಲ್ಕತ್ತಾ ಹೈಕೋರ್ಟ್ ಐಪಿಆರ್‌ಎಸ್ ಪರ ತೀರ್ಪು ನೀಡಿದ್ದು 2024ರಲ್ಲಿ. ಅಷ್ಟರಲ್ಲಿ ವ್ಯಾಪಾರದ ಭರಾಟೆಯೇ ಇಳಿದಿತ್ತು.

ಆನ್‌ಮೊಬೈಲ್‌ನಲ್ಲಿಯೂ ಕಾಲ ಬದಲಾಗಿತ್ತು. 2012ರಲ್ಲಿ ಅರವಿಂದ ರಾವ್ ಹುದ್ದೆ ತೊರೆದರು. ಮರುವರ್ಷ ಕಂಪನಿ ಅಮೆರಿಕದ ಲೈವ್‌ವೈರ್ ಮೊಬೈಲ್ ಅನ್ನು ಕೊಂಡಿತು, 2014ರಲ್ಲಿ ವಾಕ್ಸ್‌ಮೊಬಿಲಿಯನ್ನು ಮಾರಿತು. ಮುಂದೆ ಮೊಬೈಲ್ ಆಟಗಳತ್ತ ಹೊರಳಿ ‘ಓನ್‌ಮೊ’ ಎಂಬ ವೇದಿಕೆಯನ್ನು ಕಟ್ಟಿತು. 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೊ ತನ್ನ ಗ್ರಾಹಕರಿಗೆ ಟ್ಯೂನ್‌ಗಳನ್ನು ಪುಕ್ಕಟೆಯಾಗಿ ಕೊಟ್ಟಿತು. 2019ರಲ್ಲಿ ಏರ್‌ಟೆಲ್ ಸಹ ವಿಂಕ್ ಆ್ಯಪ್ ಮೂಲಕ ಅದನ್ನೇ ಮಾಡಿತು. 2020ರ ಮಾರ್ಚಿನಲ್ಲಿ, ಯಾರೂ ಬಯಸದ, ಯಾರೂ ಹಣ ಕೊಡದ ಟ್ಯೂನ್ ಒಂದು ದೇಶದ ಫೋನುಗಳಲ್ಲೆಲ್ಲ ಕೇಳತೊಡಗಿತು: ಕೆಮ್ಮಿನೊಂದಿಗೆ ಆರಂಭವಾಗುತ್ತಿದ್ದ ಕೊರೊನಾ ಎಚ್ಚರಿಕೆ.