ಕಾರ್ಟೂನಿನಲ್ಲಿ ಮುಖ ಯಾರದು, ದನಿ ಯಾರದು?



‘ಟಾಮ್ ಅಂಡ್ ಜೆರ್ರಿ’ ನೋಡದವರು ನಮ್ಮಲ್ಲಿ ಯಾರಿದ್ದಾರೆ? ಅದರ ಹಳೆಯ ಕಂತುಗಳಲ್ಲಿ ಪೊರಕೆ ಹಿಡಿದು ಟಾಮ್‌ನನ್ನು ಗದರಿಸುವ ಹೆಂಗಸೊಬ್ಬಳಿದ್ದಾಳೆ. ಆಕೆಯ ಕಾಲು, ಚಪ್ಪಲಿ ಕಾಣುತ್ತವೆ. ಮುಖ ಕಾಣುವುದು ತೀರಾ ಅಪರೂಪ. 1940ರಿಂದ 1952ರವರೆಗೆ ಬಂದ ಈ ಪಾತ್ರ ಅಮೆರಿಕದ ಕಪ್ಪು ಜನಾಂಗದ ಮನೆಗೆಲಸದವಳದು. ಕಪ್ಪು ಜನರನ್ನು ಹೀಗೆ ಒಂದೇ ಅಚ್ಚಿನಲ್ಲಿ ತೋರಿಸುವುದನ್ನು ಅವರ ಸಂಘಟನೆಯಾದ ಎನ್‌ಎಎಸಿಪಿ ವಿರೋಧಿಸಿತು. ಮುಂದೆ 1960ರ ದಶಕದಲ್ಲಿ ಟಿವಿಗಾಗಿ ಕೆಲವು ಕಂತುಗಳನ್ನು ತಿದ್ದಿದರು. ಆಗಲೂ ಆಕೆಗೆ ಮುಖ ಸಿಗಲಿಲ್ಲ. ಆಕೆಯನ್ನೇ ತೆಗೆದು ಬಿಳಿಯ ಹೆಂಗಸನ್ನು ಚಿತ್ರಿಸಿದರು. ತಪ್ಪು ಚಿತ್ರವನ್ನು ಅಳಿಸಿಬಿಟ್ಟರೆ ಸರಿಯಾದ ಚಿತ್ರ ಬಂದಂತಾಗುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮ ದೇಶದ ಕಥೆಯೇನು? ಮುಂಬೈಯ ಫಿಲ್ಮ್ಸ್ ಡಿವಿಷನ್‌ನಲ್ಲಿ 1956ರಲ್ಲಿ ಕಾರ್ಟೂನ್ ವಿಭಾಗ ಶುರುವಾಯಿತು. ಕಲಿಸಲು ಬಂದವರು ಡಿಸ್ನಿ ಸ್ಟುಡಿಯೋದಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್. ಮಿಷನರಿ ದಂಪತಿಯ ಮಗನಾದ ಅವರು ಹುಟ್ಟಿದ್ದು ಭಾರತದಲ್ಲೇ. ಅವರ ಕೈಕೆಳಗೆ ನಮ್ಮ ಕಲಾವಿದರು 1957ರಲ್ಲಿ ‘ದ ಬ್ಯಾನಿಯನ್ ಡಿಯರ್’ ಮಾಡಿದರು. ಗಬ್ಬದ ಜಿಂಕೆಯೊಂದನ್ನು ಉಳಿಸಲು ತನ್ನ ಪ್ರಾಣವನ್ನೇ ಒಡ್ಡಿದ ಜಿಂಕೆರಾಜನ ಜಾತಕ ಕಥೆ ಅದು. ಕಲಿಸಿದವರು ಹೊರಗಿನವರಾದರೂ ಕಥೆ ಈ ನೆಲದ್ದಾಗಿತ್ತು.

ಅದೇ 1956ರ ನವೆಂಬರ್ 1ರಂದು ನಮ್ಮ ಊರುಗಳ ಗುರುತೂ ಬದಲಾಯಿತು. ಹೈದರಾಬಾದ್ ರಾಜ್ಯ ಒಡೆಯಿತು. ಅಲ್ಲಿಯವರೆಗೆ ಬೀದರ್ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ ತಾಲೂಕುಗಳು ಉಸ್ಮಾನಾಬಾದ್ ಜಿಲ್ಲೆ ಸೇರಿ ಮುಂಬೈ ರಾಜ್ಯಕ್ಕೆ ಹೋದವು. ಉಮರ್ಗಾ ಮೊದಲೇ ಉಸ್ಮಾನಾಬಾದಿನಲ್ಲಿತ್ತು. ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಬೀಗರು ಆಚೆ, ಹೊಲ ಈಚೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ: ಗಡಿಯ ಮಕ್ಕಳು ಮೂರನ್ನೂ ಕಲಿತೇ ಬೆಳೆದರು.

1974ರಲ್ಲಿ ಫಿಲ್ಮ್ಸ್ ಡಿವಿಷನ್ ‘ಏಕ್ ಅನೇಕ್ ಔರ್ ಏಕ್ತಾ’ ತಂದಿತು. ನಿರ್ದೇಶನ ವಿಜಯಾ ಮುಳೆ ಅವರದು, ಚಿತ್ರ ಭೀಮಸೇನ್ ಅವರದು. ಬಲೆಗೆ ಬಿದ್ದ ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರುತ್ತವೆ, ಇಲಿಗಳು ಬಲೆ ಕಡಿಯುತ್ತವೆ. ದೂರದರ್ಶನದಲ್ಲಿ ಅದನ್ನು ನೋಡಿದ ನಮ್ಮ ಹೆತ್ತವರ ತಲೆಮಾರು ಇಂದಿಗೂ ಆ ಹಾಡನ್ನು ಗುನುಗುತ್ತದೆ. ಅದು ಒಳ್ಳೆಯ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ವಿಷಯ ಗಮನಿಸೋಣ. ಹಲವು ಭಾಷೆ, ಹಲವು ವೇಷ ಎಲ್ಲ ಒಂದೇ ಎಂದು ಕಲಿಸಿದ ಆ ಪರದೆ ನಮ್ಮ ಮನೆಗಳಲ್ಲಿ ಮಾತಾಡಿದ್ದು ಹಿಂದಿಯಲ್ಲಿ. ‘ಅನೇಕ’ದ ಲೆಕ್ಕದಲ್ಲಿ ನಾವಿದ್ದೆವು, ದನಿಯಲ್ಲಿ ಇರಲಿಲ್ಲ.

2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನುಗಳು ಕನ್ನಡ ಕಲಿತವು. ಆದರೆ ಅದು ನಮ್ಮ ಅಜ್ಜಿಯರು ಆಡುವ ಗಡಿಕನ್ನಡವಲ್ಲ. ಕನ್ನಡದ ಮಕ್ಕಳೆಲ್ಲ ಬಲ್ಲ ಪುಣ್ಯಕೋಟಿಯ ಕಥೆ ಆನಿಮೇಷನ್ ಚಿತ್ರವಾಗಿ 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದದ್ದೂ ಸಂಸ್ಕೃತದಲ್ಲಿ!

ಯಾರನ್ನೂ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಪರದೆಯಲ್ಲಿ ಕಾಣದ ಮಾತು ಕೀಳು ಎಂದು ಮಕ್ಕಳು ತಾವೇ ತಿಳಿದುಬಿಡುತ್ತಾರೆ. ಹಾಗೆ ತಿಳಿದ ಮಗು ಮನೆಮಾತನ್ನು ಮೆಲ್ಲಗೆ ಬಿಡುತ್ತದೆ. ನಮ್ಮ ಊರುಗಳಲ್ಲಿ ಅದು ಆಗುತ್ತಿರುವುದನ್ನು ನಾವೇ ಕಾಣುತ್ತಿದ್ದೇವೆ.

ಇಂದು ಚಿತ್ರ ಬಿಡಿಸಿ ಓಡಿಸಲು ಒಂದು ಮೊಬೈಲ್ ಸಾಕು. ಈ ರಜೆಯಲ್ಲಿ ಅಜ್ಜಿಯ ಬಾಯಿಂದ ಒಂದು ಕಥೆ ಕೇಳಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿ, ಎರಡು ನಿಮಿಷದ ಕಾರ್ಟೂನ್ ಮಾಡೋಣ. ಮಾಡುವಾಗ ಒಂದು ಎಚ್ಚರ ಇರಲಿ: ನಮ್ಮ ಕಥೆಯಲ್ಲಿ ಮನೆಗೆಲಸದವಳು, ಕಬ್ಬು ಕಡಿಯುವವನು ಬಂದರೆ ಅವರಿಗೂ ಮುಖ ಇರಲಿ, ಹೆಸರು ಇರಲಿ.